ಬಂಗಲೆ ಆಂಟಿಯ ಬಿಳಿ ದುಪ್ಪಟಿ

ಎದುರುಮನೆ ಆಂಟಿ ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ. ಕತ್ತು ಎತ್ತಿ, ಕಣ್ಣು ಕಿರಿದು ಮಾಡಿ, ನಮ್ಮ ತಲೆಯ ಮೇಲೆ ಎಲ್ಲೋ ನೋಡುತ್ತಿದ್ದರು. ತುಮಕೂರಿನ ನಮ್ಮ ಬೀದಿಯವರೆಲ್ಲ ಅದನ್ನು ಜಂಬ ಅಂದುಕೊಂಡಿದ್ದೆವು. ನರ್ಸ್ ಕೆಲಸದಿಂದ ರಿಟೈರ್ ಆದವರು. ಭಾನುವಾರ ಬೆಳಿಗ್ಗೆ ಹೆಗಲ ಮೇಲೆ ದಪ್ಪನೆಯ ಬಿಳಿ ದುಪ್ಪಟಿ ಹಾಕಿಕೊಂಡು ಗುಬ್ಬಿ ಬಸ್ಸಿಗೆ ಹೊರಟರೆ, "ಏನಾಂಟಿ, ಬಸ್ಸಲ್ಲಿ ಮಲಗೋ ಪ್ಲಾನಾ?" ಅಂತ ರೇಗಿಸುತ್ತಿದ್ದೆ. "ಬೇಕಾಗುತ್ತೆ ಕಣೇ" ಅನ್ನುವರು, ಅಷ್ಟೇ.

ಹಾಗಲವಾಡಿ ಕಡೆ ಅವರ ತಾತ ಮಹಾರಾಜರ ಕಾಲದಲ್ಲಿ ಕಟ್ಟಿಸಿದ ಬಂಗಲೆ ಇತ್ತು. ಭಾನುವಾರ ಅದನ್ನೂ ಅದರ ತೋಟವನ್ನೂ ನೋಡಲು ಬರುವವರಿಗೆ ಬೀಗ ತೆಗೆದು ತೋರಿಸುವುದು ಆಂಟಿಯ ಕೆಲಸ. ಒಂದು ಸಲ ನಾನೂ ಅಮ್ಮನೂ ಜೊತೆಗೆ ಹೋದೆವು. ಅಮ್ಮನಿಗೆ ಎರಡೂ ಮಂಡಿ ಹೋಗಿವೆ. ಕೂತರೆ ಏಳಲು ನನ್ನ ಕೈ ಬೇಕು.

ಗೇಟಿನ ಹತ್ತಿರ ಕಾಲಿಟ್ಟಾಗಲೇ ಆಂಟಿಯ ಕತ್ತಿನ ಗುಟ್ಟು ತಿಳಿಯಿತು. ತೋಟದ ನಡುವಿನ ಬೂರುಗದ ಮರದ ಕೊಂಬೆಕೊಂಬೆಗೂ ಹೆಜ್ಜೇನಿನ ಗೂಡು. ಒಂದೊಂದೂ ಮೊರದಷ್ಟು ಅಗಲ. ನೋಡುತ್ತಿದ್ದಂತೆ ಒಂದರ ಮೈಮೇಲೆ ಅಲೆಯೊಂದು ಸರ್ರನೆ ಹರಿದು ಹೋಯಿತು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

"ಸೆಂಟ್ ಹಾಕ್ಕೊಂಡಿರೋರು ಇಲ್ಲೇ ನಿಂತ್ಕೊಳ್ಳಿ. ಬೆಂಕಿಕಡ್ಡಿ ಗೀಚಂಗಿಲ್ಲ. ಮೆಲ್ಲಗೆ ಮಾತಾಡಿ" ಎಂದರು ಆಂಟಿ, ಬಂದಿದ್ದ ಎಲ್ಲರಿಗೂ.

"ಇವನ್ನ ಕೀಳಿಸಬಾರ್ದಾ ಆಂಟಿ?" ಪಿಸುಗುಟ್ಟಿದೆ.

"ನಮ್ಮ ತಾತ ಬರೋಕ್ ಮುಂಚೇನೇ ಇದ್ವಂತೆ ಕಣೇ. ನಾವೇ ಹುಷಾರಾಗಿರ್ಬೇಕು."

ತೇಗದ ಮೆಟ್ಟಿಲು, ಬಣ್ಣದ ಗಾಜಿನ ಕಿಟಕಿ, ಎಲ್ಲ ತೋರಿಸಿದರು. ನನಗೆ ಯಾವುದೂ ತಲೆಗೆ ಹೋಗಲಿಲ್ಲ. ಯಾವಾಗ ಹೊರಟೇವೋ ಅನ್ನಿಸುತ್ತಿತ್ತು. ತೋಟಕ್ಕೆ ಬಂದಾಗ ಆಂಟಿ ಒಂದು ಮುದಿ ಗುಲಾಬಿ ಗಿಡದ ಮುಂದೆ ನಿಂತು, ಅಜ್ಜಿಗಾಗಿ ತಾತ ಅದನ್ನು ಊಟಿಯಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕಥೆ ಶುರು ಮಾಡಿದರು. ಪಕ್ಕಕ್ಕೆ ತಿರುಗಿದರೆ ಅಮ್ಮ ಇಲ್ಲ.

ಅಮ್ಮ ಬೂರುಗದ ಬುಡದಲ್ಲಿದ್ದಳು. ಅಲ್ಲೊಂದು ನಾಗರಕಲ್ಲು. ಅರಿಶಿನ ಕುಂಕುಮ ಕಾಣದೆ ನಿಂತಿದ್ದ ಆ ಕಲ್ಲನ್ನು ದಾಟಿ ಬರಲು ಅವಳ ಜೀವ ಒಪ್ಪಿರಲಿಲ್ಲ. ಬ್ಯಾಗಿನಲ್ಲಿ ಸದಾ ಇರುವ ಊದುಬತ್ತಿ, ಕರ್ಪೂರ ಆಗಲೇ ಹಚ್ಚಿಯಾಗಿತ್ತು.

"ಅಮ್ಮಾ, ಬೆಂಕಿಕಡ್ಡಿ ಬ್ಯಾಡ ಅಂದ್ರಲ್ವಾ?"

"ದೇವ್ರಿಗೆ ಕಣೇ ಇದು. ನಾನೇನು ಬೀಡಿ ಹಚ್ಚಿದ್ನಾ?"

ಅಷ್ಟರಲ್ಲಿ ಕರ್ಪೂರದ ಉರಿ ತರಗೆಲೆಗೆ ತಗುಲಿ ಹೊಗೆ ನೆಟ್ಟಗೆ ಮೇಲೆದ್ದಿತು. ಮೇಲಿನ ಗುಂಯ್‌ಗುಡುವಿಕೆ ಬದಲಾಯಿತು. ಉಳಿದವರೆಲ್ಲ ಬಂಗಲೆಯೊಳಕ್ಕೆ ಓಡಿ ಬಾಗಿಲು ಹಾಕಿಕೊಂಡರು. ಆಂಟಿ ಮಾತ್ರ ನಮ್ಮ ಕಡೆ ಬಂದರು. ಉರಿ ತುಳಿದು ಆರಿಸಿದರು, ಅಮ್ಮನ ಭುಜ ಹಿಡಿದು ಕೂರಿಸಿದರು, ನನ್ನನ್ನೂ ಅವಳ ಮೇಲಕ್ಕೆ ನೂಕಿ ದುಪ್ಪಟಿ ಮುಚ್ಚಿದರು. "ಕೈಯಾಡಿಸ್ಬೇಡಿ. ಏನೇ ಆದ್ರೂ ಇದನ್ನ ತೆಗೀಬೇಡಿ."

ದುಪ್ಪಟಿ ಇಬ್ಬರಿಗೇ ಸಾಲುತ್ತಿತ್ತು. ಅವರು ಹೊರಗೆ, ಸೆರಗು ಮುಖಕ್ಕೆ ಸುತ್ತಿಕೊಂಡು, ದುಪ್ಪಟಿಯ ಅಂಚಿನ ಮೇಲೆ ಕೂತರು.

ಬಟ್ಟೆಯ ಮೇಲೆ ರಾಗಿ ಎರಚಿದ ಹಾಗೆ ಸದ್ದು. "ಉಸ್ರು ಕಟ್ತೈತೆ, ಬುಡೇ ನನ್ನ" ಅಂತ ಅಮ್ಮ ದುಪ್ಪಟಿ ಕಿತ್ತುಹಾಕಲು ನೋಡಿದಳು. ಆಗ ಹೊರಗಿನಿಂದ ಆಂಟಿಯ ದನಿ ಬಂತು. "ಎಲ್ಲಿಗೆ ನಿಲ್ಸಿದ್ದೆ ಅಕ್ಕಾ? ಹಾಂ, ಗುಲಾಬಿ. ತುಮಕೂರು ಬರೋಷ್ಟ್ರಲ್ಲಿ ಗಿಡ ಬಾಡೋಯ್ತಂತೆ..."

ಬಂದವರಿಗೆ ಬಂಗಲೆ ತೋರಿಸುವ ಅದೇ ದನಿ. ನಡುನಡುವೆ ತಟ್ಟನೆ ನಿಂತುಬಿಡುವುದು, ಮತ್ತೆ ಶುರುವಾಗುವುದು. ಒಂದು ಸಲ ತುಂಬ ಹೊತ್ತು ಮಾತೇ ಇಲ್ಲ.

"ಆಂಟೀ?"

"ಇದೀನಿ. ಕೇಳು."

ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದು ಅಲ್ಲಾಡದೆ ಕಥೆ ಕೇಳಿದಳು. ಸದ್ದು ಇಳಿದ ಮೇಲೆ ದುಪ್ಪಟಿ ಸರಿಸಿದರೆ ಆಂಟಿಯ ಮುಖದ ಗುರುತೇ ಸಿಗಲಿಲ್ಲ. ಅಂಚು ಹಿಡಿದಿದ್ದ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ.

ಬದುಕಿಕೊಂಡರು, ಪುಣ್ಯ. ಆಸ್ಪತ್ರೆಯಲ್ಲಿ ಅಮ್ಮ ಅಳುತ್ತಾ ಕೇಳಿದಳು, "ಅಷ್ಟು ಕಚ್ತಿರೋವಾಗ ಕಥೆ ಯಾಕವ್ವ ಹೇಳ್ತಿದ್ದೆ?"

"ಸುಮ್ಕಾದ್ರೆ ನಾನು ಹೋದೆ ಅಂತ ದುಪ್ಪಟಿ ತೆಗೀತಿದ್ರಿ ಅಕ್ಕಾ."

ಆಮೇಲೂ ಆಂಟಿ ಭಾನುವಾರ ಬಂಗಲೆಗೆ ಹೋಗುವುದು ಬಿಡಲಿಲ್ಲ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ತೀರಿಕೊಂಡರು. ನನ್ನಮ್ಮ ಇವತ್ತಿಗೂ ನನ್ನನ್ನು ಬೈದುಕೊಂಡು ಓಡಾಡುತ್ತಿದ್ದಾಳೆ ಅಂದರೆ ಅದು ಆಂಟಿ ಕೊಟ್ಟದ್ದು. ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ.

ವೈಕುಂಠ ಸಮಾರಾಧನೆಯ ದಿನ ಅವರ ಫೋಟೋ ಮುಂದೆ ಯಾರೋ ಒಂದು ಹಿಡಿ ಊದುಬತ್ತಿ ಹಚ್ಚಿಟ್ಟಿದ್ದರು. ಅಮ್ಮ ನನ್ನ ಕೈ ಊರಿಕೊಂಡು ಎದ್ದಳು. ನಮಸ್ಕಾರಕ್ಕೆ ಅಂದುಕೊಂಡೆ. ಹೋದವಳೇ ಅಷ್ಟನ್ನೂ ಕಿತ್ತು ನೀರಿನ ಚೊಂಬಿಗೆ ಅದ್ದಿದಳು. ನೆಂಟರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

"ಬ್ಯಾಡ, ಆ ಯಮ್ಮನ ಹತ್ರ ಹೊಗೆ ಹಾಕ್ಬೇಡಿ" ಎಂದಳು. ಆಮೇಲೆ ಆಂಟಿಯ ಹಾಗೇ ಕತ್ತು ಎತ್ತಿ ಒಂದು ಸಲ ಮೇಲೆ ನೋಡಿದಳು. ನಾನೂ ನೋಡಿದೆ.