ಪೀಶ್ಯಾಳ ಕಾಲ್ಗುಣ

ಚ್ಯಾಯಿ ಊರಿನ ನಮ್ಮ ಆಸ್ಪತ್ರೆಯಲ್ಲಿ, ಇನ್ನು ಗುಣವಾಗದವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ವಾರ್ಡೊಂದಿದೆ. ಪೀಶ್ಯಾ ಅಲ್ಲಿ ನರ್ಸ್. ಬುದೈ ಕಡಲತೀರದಲ್ಲಿ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ಮಾರುವ ಹೆಂಗಸಿನ ಮಗಳು. ಅವಳು ಚುಚ್ಚಿದರೆ ಸೂಜಿ ಗೊತ್ತೇ ಆಗುವುದಿಲ್ಲ ಎಂದು ರೋಗಿಗಳು ಹೇಳುತ್ತಿದ್ದರು. ಕೆಲಸದಲ್ಲಿ ನಾನು ಹಿರಿಯಳು, ಹಾಗಾಗಿ ಅವಳಿಗೆ ಅಕ್ಕ.

ನಮ್ಮಲ್ಲಿ ಡ್ಯೂಟಿಯ ದಿನ ಅನಾನಸ್ ತಿನ್ನುವಂತಿಲ್ಲ. ನಮ್ಮ ಮಾತಿನಲ್ಲಿ ಅದರ ಹೆಸರು 'ಭರಾಟೆ ಬರಲಿ' ಎಂದಂತೆ ಕೇಳಿಸುತ್ತದೆ, ತಿಂದರೆ ರೋಗಿಗಳು ಸಾಲುಗಟ್ಟುತ್ತಾರಂತೆ. ಇವತ್ತು ಆರಾಮಾಗಿದೆ ಎಂದು ಬಾಯಿ ಬಿಡುವಂತಿಲ್ಲ. ಓದಿದವರೇ ನಾವು, ಆದರೂ ಪಾಲಿಸುತ್ತೇವೆ. ಯಾರ ಪಾಳಿಯಲ್ಲಿ ಸಾವು ಹೆಚ್ಚೋ ಅವರನ್ನು 'ಕಪ್ಪು' ಅನ್ನುತ್ತೇವೆ. ಪೀಶ್ಯಾ ಕಪ್ಪು. ಅವಳು ಬಂದಳೆಂದರೆ, ಇವತ್ತು ಯಾರ ಹಾಸಿಗೆ ಖಾಲಿ ಮಾಡಿಸ್ತೀಯಮ್ಮಾ ಎಂದು ರೇಗಿಸುತ್ತಿದ್ದೆವು. ಅವಳೂ ನಗುತ್ತಿದ್ದಳು. ನಗುವವರಿಗೆ ನೋವಿಲ್ಲ ಎಂದುಕೊಂಡ ನಮ್ಮ ಬುದ್ಧಿಗೆ ಏನೆನ್ನಲಿ!

ಆ ವಸಂತದಲ್ಲಿ ಹೊಟ್ಟೆಯ ಕ್ಯಾನ್ಸರಿನ ವೆಂಗ್ ಅಜ್ಜಿ ಬಂದರು. ಅವರಿಗೆ ಪೀಶ್ಯಾ ಎಂದರೆ ಪ್ರಾಣ. ಒಂದು ಮಧ್ಯಾಹ್ನ ನೋಡಿದರೆ ಅಜ್ಜಿ ಒಳಗೆ ನರಳುತ್ತಿದ್ದಾರೆ, ಇವಳು ನೋವಿಳಿಸುವ ಮಾರ್ಫಿನ್ ತುಂಬಿದ ಸಿರಿಂಜ್ ಹಿಡಿದು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಾಳೆ.

"ನಾನು ಕಾಲಿಟ್ರೆ ಅಜ್ಜಿ ಹೋಗ್ಬಿಡ್ತಾರೆ, ಅಕ್ಕ. ನೀವೇ ಕೊಡಿ."

ನಾನೇ ಕೊಟ್ಟೆ. ಮಾರನೆಯ ದಿನವೂ ಅದೇ ಕಥೆ. ನಾನಿಲ್ಲದಾಗ ಅಜ್ಜಿ ನೋವು ತಿನ್ನುತ್ತಾ ಕಾಯಬೇಕಿತ್ತು.

ತಿಂಗಳಿಗೊಮ್ಮೆ ಹೊರಗಿನಿಂದ ಲೋ ಎಂಬ ಟೀಚರ್ ಬರುತ್ತಿದ್ದರು. ಈ ಕೆಲಸ ನಮ್ಮನ್ನು ಏನು ಮಾಡುತ್ತಿದೆ ಎಂದು ನಮ್ಮನ್ನೇ ಕೂರಿಸಿಕೊಂಡು ಕೇಳುವುದು ಅವರ ಕಸುಬು. ನಮಗೋ ಅದು ತಲೆನೋವು. ಊಟದ ಡಬ್ಬಿ ಬಿಚ್ಚಿಕೊಂಡು ಗಡಿಯಾರ ನೋಡುತ್ತಿದ್ದೆವು. ಆ ಸಲ ಪೀಶ್ಯಾ ಬಾಯಿ ಬಿಟ್ಟಳು. ತನ್ನ ಕಾಲ್ಗುಣವೇ ರೋಗಿಗಳನ್ನು ಕೊಲ್ಲುತ್ತಿದೆ ಎಂದಳು. ನಾವೆಲ್ಲ ಸಮಾಧಾನ ಹೇಳಲು ಹೊರಟಾಗ ಲೋ ಟೀಚರ್ ಕೈಯೆತ್ತಿ ತಡೆದರು. ಸತ್ತವರು ಯಾರು ಯಾರು, ಆಗ ಅವಳು ಎಲ್ಲಿ ನಿಂತಿದ್ದಳು, ಕೈಯಲ್ಲಿ ಏನಿತ್ತು ಎಂದು ಒಬ್ಬೊಬ್ಬರ ಬಗ್ಗೆಯೂ ಅವಳನ್ನು ಕೇಳಿದರು. ಅವಳಿಗೆ ಎಲ್ಲರ ಹೆಸರೂ ನೆನಪಿತ್ತು. ಆಮೇಲೆ ನಮ್ಮ ಕಡೆ ತಿರುಗಿದರು.

"ಕೊನೇ ಉಸಿರಲ್ಲಿ ಇರೋರನ್ನ ಯಾರಿಗೆ ಒಪ್ಪಿಸ್ತೀರಿ?"

ಹೆಡ್ ನರ್ಸ್ ಚ್ವಾಂಗ್ ನೆಲ ನೋಡಿದರು. "ಅವಳಿಗೇ. ಅವಳಷ್ಟು ಚೆನ್ನಾಗಿ ಬೇರೆ ಯಾರೂ ನೋಡ್ಕೊಳ್ಳಲ್ಲ."

ಯಾರೂ ಅನ್ನ ಮುಟ್ಟಲಿಲ್ಲ. ಸಾಯುವವರನ್ನೆಲ್ಲ ಅವಳ ಮಡಿಲಿಗೆ ಹಾಕಿದವರು ನಾವು, 'ಕಪ್ಪು' ಎಂದು ಹೆಸರಿಟ್ಟವರೂ ನಾವೇ. ಪೀಶ್ಯಾ ಬಿಕ್ಕಿ ಬಿಕ್ಕಿ ಅತ್ತಳು. ಅಂದು ಸಂಜೆ ವೆಂಗ್ ಅಜ್ಜಿಯ ಕೋಣೆಗೆ ತಾನೇ ಹೋಗಿ ಸೂಜಿ ಕೊಟ್ಟಳು. ಆಮೇಲೆ ದಿನವೂ ಹೋದಳು.

ತಿಂಗಳು ತುಂಬುವಷ್ಟರಲ್ಲಿ ಮೇಲಿನವರು ಲೋ ಟೀಚರ್ ಬರುವುದನ್ನು ನಿಲ್ಲಿಸಿದರು. ಹರಟೆಗಾಗಿ ವಾರ್ಡು ಖಾಲಿ ಬಿಡಲಾಗದು ಎಂದರಂತೆ. ಇದು ಹಿರಿಯರಾದ ನಮಗಷ್ಟೇ ತಿಳಿದಿತ್ತು. ಅದೇ ವಾರ ಪೀಶ್ಯಾ ಸೂಜಿ ಕೊಟ್ಟು ಕೈ ತೆಗೆದ ಹೊತ್ತಿಗೆ ಅಜ್ಜಿಯ ಉಸಿರು ನಿಂತಿತು. ಅವಳೇ ಅಜ್ಜಿಯ ಮೈ ಒರೆಸಿ, ತಲೆ ಬಾಚಿದಳು. ಆಮೇಲೆ ನಾವು ಬಟ್ಟೆ ಬದಲಿಸುವ ಕೋಣೆಗೆ ಬಂದು ಕುಳಿತಳು.

ನಾನು ಹಿಂದೆಯೇ ಹೋದೆ. ಡೋಸ್ ಸರಿಯಾಗಿಯೇ ಇತ್ತು, ಬರೆದದ್ದು ಡಾಕ್ಟರು, ಅಜ್ಜಿಯ ಕಾಲ ಮುಗಿದಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೆ. ಒಂದೂ ಸುಳ್ಳಲ್ಲ.

"ಹೇಳೋರು ಎಲ್ಲರೂ ಇದ್ದಾರೆ, ಅಕ್ಕ. ಕೇಳಿದ್ದು ಲೋ ಟೀಚರ್ ಒಬ್ಬರೇ. ಮತ್ತೆ ಯಾವಾಗ ಬರ್ತಾರೆ?"

"ಇನ್ನು ಬರಲ್ಲ."

ಅವಳು ಬಗ್ಗಿ ಶೂ ಕಟ್ಟಿಕೊಂಡಳು. ನಾನು ಇನ್ನೊಂದು ಸಮಾಧಾನದ ಮಾತಿಗಾಗಿ ತಡಕಾಡುತ್ತಿದ್ದೆ. ಅಲ್ಲಿ ಏನಾಯ್ತು, ನಿಧಾನಕ್ಕೆ ಹೇಳು ಎಂದು ಕೇಳಲು ನನಗೆ ತೋಚಲೇ ಇಲ್ಲ.

"ಹಾಗಾದ್ರೆ ನಾನೂ ಬರಲ್ಲ," ಎಂದು ಆಗಲೇ ಕಳಚಿದ್ದ ಯೂನಿಫಾರ್ಮ್ ಮಡಚಿ ಬೆಂಚಿನ ಮೇಲಿಟ್ಟಳು.