ತಲಿ ಬಗ್ಗಿಸಿ ನೋಡೋ ಕ್ಯಾಮೆರಾ

ಮೊನ್ನೆ ಟ್ರಂಕಿನ ಮುಚ್ಚಳ ತೆಗೆದ ಕೂಡ್ಲೆ ಹಳೇ ಚರ್ಮದ ವಾಸನಿ ಬಂತು. ಇಲಿ ಸತ್ತೈತೇನೋ ಅಂತ ಕೈ ಹಾಕಿದ್ರ ನಮ್ಮ ಮನಿಯವ್ರ ಕ್ಯಾಮೆರಾ. ಅವ್ರು ತೀರಿಕೊಂಡು ಎಷ್ಟೋ ವರ್ಷಾತು, ಅದರ ಚೀಲದ ಗುಂಡಿ ಮಾತ್ರ ಇನ್ನೂ ಗಟ್ಟಿ ಐತಿ.

ನೀವು ಇಂಥದ್ದು ನೋಡೀರೋ ಇಲ್ಲೋ. ಕರೇ ಡಬ್ಬಿ, ಮುಂದ ಒಂದರ ಮ್ಯಾಲೊಂದು ಎರಡು ಕಣ್ಣು. ಮ್ಯಾಲಿಂದು ನೋಡಾಕ, ಕೆಳಗಿಂದು ತೆಗಿಯಾಕ. ನೆತ್ತಿ ಮುಚ್ಚಳ ತೆರೆದ್ರ ಒಳಗ ಅಂಗೈಯಷ್ಟೂ ಇಲ್ಲದ ಗಾಜು. ಅದರಾಗ ಇಡೀ ಮದುವಿ ಮಂದಿ, ಎಡಕ್ಕಿದ್ದವ್ರು ಬಲಕ್ಕಾಗಿ ಕುಂತಿರ್ತಿದ್ರು. ಅದನ್ನ ಇಣುಕಿ ನೋಡೋದು ನನಗೊಂದು ಚಟ. ಮಸ್ಕಿ ಊರಾಗ ನಮ್ಮ ಫೋಟೊ ಸ್ಟುಡಿಯೋ ಇತ್ತು. ಇವ್ರು ಅದನ್ನ ಕೊರಳಿಗೆ ಹಾಕ್ಕೊಂಡು ತಲಿ ಬಗ್ಗಿಸಿ ನಿಂತ್ರ, "ಹೊಟ್ಟಿ ನೋಡ್ಕೊಳ್ಳಾಕತ್ತೀರೇನು?" ಅಂತ ಕಾಡಸ್ತಿದ್ದೆ.

ತುರ್ವಿಹಾಳದ ನಮ್ಮವ್ವ ಒಂದೂ ಫೋಟೊ ತೆಗೆಸ್ಕೊಂಡಾಕಿ ಅಲ್ಲ. ನಮ್ಮ ಮಂದ್ಯಾಗ ಸತ್ತವ್ರನ್ನ ಗ್ವಾಡಿಗೆ ಒರಗಿಸಿ ಕುಂಡ್ರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೊ ತೆಗಸ್ತಾರ. ಅಪ್ಪಂದು ಅದೊಂದಾ ಫೋಟೊ, ಕಣ್ಣು ಮುಚ್ಚಿದ್ದು. ಅವನ ಕಣ್ಣು ಹೆಂಗಿದ್ವು ಅನ್ನೋದಾ ನನಗ ಮರ್ತೈತಿ. ಅವ್ವಂದು ಹಂಗಾಗಬಾರ್ದು ಅಂತ ನನ್ನ ಹಟ.

"ಹೋದಮ್ಯಾಲೆ ತೆಗೀರಿ, ಈಗೇನ್ ಅವಸರ?" ಅಂದ್ಲು ಅವ್ವ. ಖರೇ ಕಾರಣ ಬ್ಯಾರೆ. ಅಳಿಯನ ಮುಂದ ಅತ್ತಿ ಮುಖ ತೋರ್ಸಂಗಿಲ್ಲ. ಇವ್ರು ಪಡಸಾಲಿಗೆ ಬಂದ್ರ ಆಕಿ ಸೆರಗು ಎಳ್ಕೊಂಡು ಅಡಗಿಮನಿಗೆ.

"ಅವ್ರು ನಿನ್ನ ನೋಡಂಗಿಲ್ಲಬೇ, ಡಬ್ಬಿ ನೋಡ್ತಾರ."

"ಡಬ್ಯಾಗ ನಾ ಕಾಣಂಗಿಲ್ಲೇನು?"

"ಕಾಣ್ತಿ. ಎಡಾ ಬಲಾ ಉಲ್ಟಾ ಆಗಿ."

ಅವ್ವ ವಿಚಾರ ಮಾಡಿದ್ಲು. "ಉಲ್ಟಾ ಆದ್ರ ನಡಿತೈತಿ ಬಿಡು."

ಅಂಗಳದಾಗ ಕುಂತ್ಲು. "ಅತ್ತಿ, ಅಳ್ಳಾಡಬ್ಯಾಡ್ರಿ" ಅಂತ ಇವ್ರು ತಲಿ ಬಗ್ಗಿಸಿದ್ರು. ಅವ್ವ ಅಳಿಯನ್ನ ಕಣ್ತುಂಬ ನೋಡಿದ್ದು ಅವತ್ತಾ, ಅದೂ ನೆತ್ತಿ.

"ಅಯ್ಯ ಶಿವನಾ, ಅಳಿಯಾರು ಬೋಳಾಗ್ಯಾರಲ್ಲಬೇ!" ಅಂತ ಸೆರಗು ಬಿಟ್ಟು ನಕ್ಳು. ಇವ್ರು ತಲಿ ಎತ್ತಲಿಲ್ಲ. ಟಿಕ್ ಅಂತು.

ಅವ್ವ ಹೋದಾಗ ಆ ನಗೋ ಫೋಟೊಕ್ಕ ಹಾರ ಹಾಕಿದೆ. "ಇದೇನ್ ಚಂದ, ಹಲ್ಲು ಕಾಣ್ತಾವ" ಅಂತ ಹಿರೇರು ಬೈದ್ರು. ಬೈಲಿ. ಕಣ್ಣೂ ಕಾಣ್ತಾವಲ್ಲ.

ಮೊನ್ನೆ ಟ್ರಂಕಿನಿಂದ ತೆಗೆದ ಈ ಕ್ಯಾಮೆರಾನ ಮೊಮ್ಮಗಳು ಒರೆಸಿ, "ಅಜ್ಜಿ, ಶೋಕೇಸ್‌ನ್ಯಾಗ ಇಡೂಣು" ಅಂದ್ಲು.

"ಆಮ್ಯಾಲಿಡುವಂತಿ. ಮೊದಲು ಸಿಂಧನೂರಾಗ ಇಲ್ಲಾ ಲಿಂಗಸುಗೂರಾಗ ಇದಕ್ಕ ರೀಲ್ ಸಿಗತಾವೇನು ಕೇಳ್ಕೊಂಡು ಬಾ."

"ಯಾರ ಫೋಟೊಕ್ಕ?"

"ನಂದು. ರೀಲ್ ಸಿಗದಿದ್ರ ನಿನ್ನ ಮೊಬೈಲಿಂದ ತೆಗಿ. ನನ್ನ ಗ್ವಾಡಿಗೆ ಒರಗಿಸೋ ತನಕ ಕಾಯಬ್ಯಾಡ."