ಕೆಂಪು ಕಣ್ಣಿನ ಗೂಡಿಗೆ ಒಂದು ತೋಳು

ಚಂದ್ರಮತಿ ಮೊದಲ ಸಲ ನನ್ನ ಹೊಲಿಗೆ ಮಿಷನ್ನಿನ ಮುಂದೆ ಬಂದು ನಿಂತಾಗ ಕೇಳಿದ್ದು ಒಂದೇ ಒಂದು ತೋಳು.

"ಇನ್ನೊಂದು ಯಾರು ಹೊಲೀತಾರೆ?" ಅಂದೆ.

"ಇನ್ನೊಂದು ಬೇಡ ಅಮ್ಮ. ಇದು ರವಿಕೆಗಲ್ಲ, ಸೊಳ್ಳೆ ಗೂಡಿಗೆ."

ಕೋಡಂಬಾಕ್ಕಂನಲ್ಲಿ ನಾನೂ ನಮ್ಮ ಯಜಮಾನರೂ ಸಿನಿಮಾದವರಿಗೆ ಹೊಲಿದವರು. ರಾಜನ ಅಂಗಿ, ರಾಕ್ಷಸನ ಅಂಗಿ, ಒಂದು ಸಲ ಆನೆಯ ಬೆನ್ನಿಗೆ ಜೂಲು. ಯಜಮಾನರು ತೀರಿಕೊಂಡ ಮೇಲೂ ಮಿಷನ್ ನಿಲ್ಲಿಸಲಿಲ್ಲ. ಆದರೆ ಸೊಳ್ಳೆಗೆ ಹೊಲಿದದ್ದು ಅದೇ ಮೊದಲು.

ಚಂದ್ರಮತಿಯ ಅಪ್ಪ ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದವರು. ಇವಳು ಇಲ್ಲೇ ಹುಟ್ಟಿ, ಗಿಂಡಿಯ ಹತ್ತಿರ ಒಂದು ಸಂಶೋಧನಾ ಕೇಂದ್ರದಲ್ಲಿ ಮಲೇರಿಯಾ ಸೊಳ್ಳೆ ಸಾಕುವ ಕೆಲಸಕ್ಕೆ ಸೇರಿದಳು. ಕಂಬಿಯ ಚೌಕಟ್ಟು, ಸುತ್ತ ಸೊಳ್ಳೆಪರದೆ, ಒಂದು ಪಕ್ಕ ಬಟ್ಟೆಯ ತೋಳು: ಅದು ಗೂಡು. ತೋಳಿನೊಳಗೆ ಕೈ ಹಾಕಿ ಸಕ್ಕರೆ ನೀರಿನ ಹತ್ತಿ ಇಡಬೇಕು, ಮೊಟ್ಟೆ ಇಡಲಿ ಅಂತ ನೀರಿನ ಬಟ್ಟಲು ಇಡಬೇಕು. ಕೈ ಹೋಗಬೇಕು, ಸೊಳ್ಳೆ ಹೋಗಬಾರದು, ಬರಬಾರದು. ನಾನು ತೋಳಿನ ಬಾಯಿಗೆ ಇಲಾಸ್ಟಿಕ್ ಕೂರಿಸಿ ಎರಡು ಹೊಲಿಗೆ ಹಾಕಿ ಕೊಟ್ಟೆ. ಆಮೇಲೆ ಅವಳ ಗೂಡಿನ ತೋಳೆಲ್ಲ ನನ್ನದೇ.

ಬಂದಾಗಲೆಲ್ಲ ಮೊದಲು ಮಾಳಿಗೆ ಹತ್ತಿ ನನ್ನ ನೀರಿನ ಟ್ಯಾಂಕ್ ನೋಡುತ್ತಿದ್ದಳು. "ಇದು ಚರಂಡಿ ಸೊಳ್ಳೆ ಅಲ್ಲ ಮಾರಾಯ್ರೆ. ಒಳ್ಳೇ ನೀರೇ ಆಗಬೇಕು ಇದಕ್ಕೆ. ಮುಚ್ಚಳ ಸರಿ ಹಾಕಿ."

"ನಿನ್ನ ಮಕ್ಕಳಿಗೆ ಮಡಿ ಜಾಸ್ತಿ" ಅನ್ನುತ್ತಿದ್ದೆ.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಂದರೆ ಕೆಂಪು ಕಣ್ಣಿನ ಗೂಡು. ಈ ಜಾತಿಗೆ ಕಣ್ಣು ಕಪ್ಪು. ಎಣ್ಣೂರಿನ ಒಂದು ಬಾವಿಯಿಂದ ತಂದ ಹುಳುಗಳಲ್ಲಿ ಒಂದು ಮಾತ್ರ ಕೆಂಪು ಕಣ್ಣಿನ ಗಂಡಾಯಿತಂತೆ. ಅದನ್ನು ಕಂಡವಳು ಇವಳೇ. ಅದರ ಮಕ್ಕಳು, ಮೊಮ್ಮಕ್ಕಳು ಅಂತ ಆರಿಸಿ ಆರಿಸಿ ಪೂರಾ ಕೆಂಪು ಕಣ್ಣಿನ ವಂಶವನ್ನೇ ಬೆಳೆಸಿದ್ದಳು.

ಈ ವರ್ಷ ತಮಿಳರ ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಕಳೆದ ಮೇಲೆ ಒಂದು ಮಧ್ಯಾಹ್ನ ತೋಳು ಬಿಚ್ಚಿಕೊಂಡು ಬಂದಳು. ಮುಖ ಸಪ್ಪಗಿತ್ತು.

"ನಿಮ್ಮ ಹೊಲಿಗೆ ಬಿಟ್ಟಿದೆ ಅಮ್ಮ. ಕೆಂಪು ಗೂಡಿನಲ್ಲಿ ಕಪ್ಪು ಕಣ್ಣಿನ ಮರಿ ಹುಟ್ಟಿವೆ. ಇನ್ನೊಂದು ಸಲ ಹೀಗಾದರೆ ಗೂಡು ಮುಚ್ಚಿಬಿಡಿ ಅಂದಿದ್ದಾರೆ ನಮ್ಮ ಕೇಂದ್ರದ ಜಯಪ್ರಕಾಶ್ ಸರ್."

"ಎಲ್ಲಾ ಕಪ್ಪಾ?"

"ಕೆಲವು. ಕಪ್ಪೆಲ್ಲ ಹೆಣ್ಣೇ. ಈ ಕಣ್ಣಿನ ಬಣ್ಣ ಅಪ್ಪನಿಂದ ಹೆಣ್ಣುಮಕ್ಕಳಿಗೆ ಮಾತ್ರ ಹೋಗುವುದು, ಗಂಡುಮಕ್ಕಳಿಗೆ ತಾಯಿಯದ್ದೇ. ಹಾಗಾದರೆ ಪಕ್ಕದ ಗೂಡಿನಿಂದ ತಪ್ಪಿಸಿಕೊಂಡ ಕಪ್ಪು ಕಣ್ಣಿನ ಗಂಡೊಂದು ಒಳಗೆ ಹೊಕ್ಕಿದೆ. ಎಲ್ಲಿಂದ ಹೊಕ್ಕಿತು ಅಂತ ಗೊತ್ತಾಗದೆ ನಾನು ಎಷ್ಟು ಆರಿಸಿದರೆ ಎಂತ ಪ್ರಯೋಜನ?"

ತೋಳನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದೆ. ಒಂದು ಎಳೆ ಬಿಟ್ಟಿರಲಿಲ್ಲ. ಬಟ್ಟೆ ನೆಟ್ಟಗಿದ್ದರೆ ತಪ್ಪು ಇರುವುದು ಹಾಕಿಕೊಳ್ಳುವುದರಲ್ಲಿ. "ಕೈ ಹಾಕು" ಅಂದೆ.

ಕೈ ಹಾಕಿದಳು. ಝಲ್ ಅಂತು. ಮಣಿಕಟ್ಟಿನ ತುಂಬ ಗಾಜಿನ ಬಳೆ. ಅವಳ ಮಗಳು ಹರ್ಷಿಣಿ ಆಗ ಏಳು ತಿಂಗಳ ಬಸುರಿ. ಅಳಿಯನ ಮನೆಯವರು ತಮಿಳರು, ವಳೈಕಾಪು ಅಂತ ಬಳೆ ಸೀಮಂತ ಮಾಡಿ ಬಸುರಿಗೂ ಅವಳ ತಾಯಿಗೂ ಬಳೆ ತೊಡಿಸಿದ್ದರು.

"ಮೊದಲು ಕೆಲಸಕ್ಕೆ ಮುಂಚೆ ಬಳೆ ತೆಗೆದಿಡುತ್ತಿದ್ದೆಯಲ್ಲ?"

"ಹೆರಿಗೆ ಆಗುವವರೆಗೆ ತೆಗೆಯಬಾರದು ಅಂದಿದ್ದಾರೆ ಹರ್ಷಿಣಿಯ ಅತ್ತೆಯವರು. ಮಗಳ ವಿಷಯ, ಹೇಗೆ ತೆಗೆಯುವುದು?"

ಇಲಾಸ್ಟಿಕ್ ಬಳೆಗಳ ಮೇಲೆ ಕೂತಿತ್ತು, ಕೈಯ ಮೇಲೆ ಅಲ್ಲ. ಬಳೆಗೂ ಕೈಗೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಹೋಯಿತು.

"ನೋಡು, ನಿನ್ನ ಕಳ್ಳ ಅಳಿಯ ಬಂದ ದಾರಿ" ಅಂದೆ.

ನಗಬೇಕೋ ಅಳಬೇಕೋ ತಿಳಿಯದೆ ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. "ಅಯ್ಯೋ, ನಾನೇ ಬಾಗಿಲು ತೆಗೆದು ಕೂರಿಸಿದೆನಾ! ಈಗ ಎಂತ ಮಾಡುವುದು? ಬಳೆ ತೆಗೆಯುವ ಹಾಗಿಲ್ಲ, ಗೂಡು ಬಿಡುವ ಹಾಗಿಲ್ಲ."

"ಬಳೆ ಯಾಕೆ ತೆಗೀಬೇಕು? ತೋಳು ಉದ್ದ ಮಾಡೋಣ."

ಬಳೆ ಮುಗಿಯುವ ಕಡೆ ಟೇಪು ಹಿಡಿದೆ. ಅಲ್ಲಿಂದ ಮೊಳಕೈ ದಾಟುವಷ್ಟು ಹೊಸ ಬಟ್ಟೆ ಕೂಡಿಸಿ, ಇಲಾಸ್ಟಿಕ್ಕನ್ನು ಬರಿಯ ರಟ್ಟೆಗೆ ಅಪ್ಪುವ ಹಾಗೆ ಕೂರಿಸಿದೆ. ಅವಳು ಮತ್ತೆ ಕೈ ಹಾಕಿದಳು. ಬಳೆ ಪೂರಾ ಒಳಗೆ ಹೋಯಿತು. ಕಿರುಬೆರಳಲ್ಲ, ಸೂಜಿ ಹೋಗಲಿಕ್ಕೂ ಜಾಗ ಇರಲಿಲ್ಲ.

ಆಮೇಲಿನ ಕೆಲಸ ಅವಳದು. ಹುಳು ಕೋಶವಾದಾಗಲೇ ಕಣ್ಣಿನ ಬಣ್ಣ ಕಾಣುತ್ತದಂತೆ. ರೆಕ್ಕೆ ಬಂದು ಜೋಡಿಯಾಗುವ ಮೊದಲೇ ಬಿಳಿ ತಟ್ಟೆಯ ಮುಂದೆ ಕೂತು ಕಪ್ಪು ಕಣ್ಣಿನವನ್ನೆಲ್ಲ ಇಂಕ್ ಫಿಲ್ಲರಿನಿಂದ ಹೀರಿ ತೆಗೆದಳು. ಕೆಂಪನ್ನು ಮಾತ್ರ ಹೊಸ ಗೂಡಿಗೆ ಬಿಟ್ಟಳು. ಅವುಗಳ ಮರಿ ಬರುವವರೆಗೆ ಫೋನ್ ಇಲ್ಲ, ಮಾಳಿಗೆ ಹತ್ತಿ ಟ್ಯಾಂಕ್ ನೋಡಿದ್ದೂ ಇಲ್ಲ. ನಾನೂ ಕೇಳಲಿಲ್ಲ.

ಮೊನ್ನೆ ಬಂದಳು. ಕೈಯಲ್ಲಿ ಸಿಹಿಯ ಪೊಟ್ಟಣ.

"ಒಂದೂ ಕಪ್ಪಿಲ್ಲ ಅಮ್ಮ! ಸರ್ ಗೂಡಿಗೆ ಹೊಸ ಚೀಟಿ ಅಂಟಿಸಿದ್ದಾರೆ. ಹರ್ಷಿಣಿಗೂ ಹೆರಿಗೆ ಆಯಿತು. ಹೆಣ್ಣು."

"ಕಣ್ಣು?"

"ಅಪ್ಪನದ್ದೇ!" ಅಂತ ಜೋರಾಗಿ ನಕ್ಕಳು.

ನಾಮಕರಣಕ್ಕೆ ನಾನು ಬರಲೇಬೇಕಂತೆ. ಬರುತ್ತೇನೆ ಅಂದೆ. ಆಗ ನನ್ನ ಕುತ್ತಿಗೆಯಲ್ಲಿದ್ದ ಟೇಪು ಎಳೆದುಕೊಂಡು, ಯಜಮಾನರು ಹೋದಾಗಿನಿಂದ ಬರಿದಾಗಿರುವ ನನ್ನ ಕೈಯ ಗೆಣ್ಣಿನ ಸುತ್ತ ಸುತ್ತಿ ಅಳತೆ ನೋಡಿದಳು.

"ಏನೇ ಇದು?" ಅಂದೆ.

"ಬಳೆ ಅಮ್ಮ. ಕೆಂಪು ತರಲಾ, ಹಸಿರು ತರಲಾ?"